ಪೂರ್ವಿಕರ ಊಟವೂ ಉಗ್ರ ವ್ಯಾಯಾಮವೂ

ಪಟ್ಟಣವಾಸಿಗಳಾದ ವಿದ್ಯಾವಂತರಲ್ಲಿ, ಅದರಲ್ಲಿಯೂ ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಕೆಲಸಮಾಡುವ ನೌಕರವರ್ಗದವರಲ್ಲಿ, ಎರಡು ಹೊಸ ಮತಗಳು ಕೆಲವು ವರ್ಷಗಳಿಂದ ಜೊತೆಜೊತೆಯಾಗಿ ಪ್ರಚಾರಕ್ಕೆ ಬಂದಿವೆ. ವ್ಯವಸಾಯ ಹುಟ್ಟುವುದಕ್ಕೆ ಮೊದಲು ಮನುಷ್ಯನು ಏನನ್ನು ತಿಂದು ಬಾಳಿದನೋ ಅದನ್ನೇ ನಾವೂ ತಿನ್ನಬೇಕೆಂಬುದು ಒಂದು. ವ್ಯಾಯಾಮವನ್ನು ಅಲ್ಪಕಾಲ, ಆದರೆ ಉಸಿರು ಕಟ್ಟುವಷ್ಟು ತೀವ್ರವಾಗಿ ಮಾಡಬೇಕೆಂಬುದು ಇನ್ನೊಂದು. ಮೊದಲನೆಯದಕ್ಕೆ ಪೇಲಿಯೋ ಆಹಾರವೆಂದು ಹೆಸರು. ಎರಡನೆಯದು ಹಲವು ಹೆಸರುಗಳಲ್ಲಿ ನಡೆಯುತ್ತಿದ್ದು, ಕ್ರಾಸ್‌ಫಿಟ್ ಎಂಬುದು ಅವುಗಳಲ್ಲಿ ಪ್ರಸಿದ್ಧವಾಗಿದೆ. ಇವು ಅಮೆರಿಕೆಯಿಂದ ಬಂದ ಸರಕೆಂಬ ಕಾರಣಕ್ಕೆ ತಳ್ಳಿಬಿಡುವುದು ವಿವೇಕವಲ್ಲ. ಆದರೆ ಅನ್ನ ಬಿಟ್ಟವರು, ಬೇಳೆ ಬಿಟ್ಟವರು, ಹಾಲುಮೊಸರನ್ನು ವಿಷವೆಂದು ದೂರವಿಟ್ಟವರು ಈಗ ನಮ್ಮ ಬಂಧುಬಳಗದಲ್ಲಿಯೇ ಕಾಣಸಿಗುತ್ತಾರೆ. ನಲವತ್ತೈದು ದಾಟಿದ ಮೇಲೆ, ಇಪ್ಪತ್ತರ ತರುಣರೊಡನೆ ಮೊದಲ ದಿನವೇ ಸ್ಪರ್ಧೆಗಿಳಿಯುವವರೂ ಇದ್ದಾರೆ. ಆದಕಾರಣ ಈ ವಿಷಯದಲ್ಲಿ ಜನರು ಪದೇಪದೇ ಕೇಳುವ ಪ್ರಶ್ನೆಗಳನ್ನು ವಿಚಾರಕ್ಕೆ ತೆಗೆದುಕೊಳ್ಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಈ ಆಹಾರಮತದ ಚರಿತ್ರೆ ದೊಡ್ಡದಲ್ಲ. 1975ರಲ್ಲಿ ವಾಲ್ಟರ್ ವೋಗ್ಟ್‌ಲಿನ್ ಎಂಬ ಅಮೆರಿಕದ ವೈದ್ಯರು ಶಿಲಾಯುಗದ ಆಹಾರವನ್ನು ಕುರಿತು ಒಂದು ಪುಸ್ತಕ ಬರೆದರು. 1985ರಲ್ಲಿ ಬಾಯ್ಡ್ ಈಟನ್, ಮೆಲ್ವಿನ್ ಕಾನರ್ ಎಂಬಿಬ್ಬರು ಅದೇ ವಿಷಯದ ಮೇಲೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ ಮೇಲೆ ಅದಕ್ಕೆ ವಿದ್ವಾಂಸರ ನಡುವೆ ಸ್ಥಾನ ದೊರೆಯಿತು. ಕೊಲರಾಡೋದ ಪ್ರಾಧ್ಯಾಪಕ ಲೋರೆನ್ ಕಾರ್ಡೇನ್‌ರವರ 2002ರ ಪುಸ್ತಕದಿಂದ ಅದು ಬೀದಿಬೀದಿಯ ಮಾತಾಯಿತು. ವಾದ ಇಷ್ಟೇ: ಮನುಷ್ಯನು ನೇಗಿಲು ಹಿಡಿದು ಸುಮಾರು ಹತ್ತು ಸಾವಿರ ವರ್ಷಗಳು ಮಾತ್ರ ಆಗಿವೆ, ಅದಕ್ಕೆ ಹಿಂದಿನ ಲಕ್ಷಾಂತರ ವರ್ಷಗಳಲ್ಲಿ ರೂಪುಗೊಂಡ ದೇಹವು ಇಷ್ಟು ಅಲ್ಪಕಾಲದಲ್ಲಿ ಬದಲಾಗಿರಲಾರದು, ಆದ್ದರಿಂದ ಧಾನ್ಯ, ಬೇಳೆಕಾಳು, ಹಾಲು, ಸಕ್ಕರೆ, ಕಾರ್ಖಾನೆಯ ಎಣ್ಣೆ ಇವೆಲ್ಲ ವರ್ಜ್ಯ, ಮಾಂಸ, ಮೀನು, ಮೊಟ್ಟೆ, ಸೊಪ್ಪು, ತರಕಾರಿ, ಹಣ್ಣು, ಬೀಜಗಳು ಗ್ರಾಹ್ಯ. ಗ್ರೆಗ್ ಗ್ಲಾಸ್‌ಮನ್ ಎಂಬವರು 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಕ್ರಾಸ್‌ಫಿಟ್ ಸಂಸ್ಥೆಯೂ ತನ್ನ ಅನುಯಾಯಿಗಳಿಗೆ ಇದನ್ನೇ ಹೋಲುವ ಪಥ್ಯವನ್ನು ಬೋಧಿಸಿತು. ಊಟಕ್ಕೂ ಸಾಮಿಗೂ ನಂಟು ಬೆಳೆದುದು ಹೀಗೆ.

ಮೊದಲ ಪ್ರಶ್ನೆ: ಈ ಪೂರ್ವಿಕರು ಯಾರು? ಮತಪ್ರಚಾರಕರು ಹೇಳುವುದನ್ನು ಕೇಳಿದರೆ, ಎಲ್ಲೋ ಒಂದೇ ಕುಲವಿದ್ದು, ಅದು ಒಂದೇ ಬಗೆಯ ಭೋಜನ ಮಾಡುತ್ತಿತ್ತೆಂಬ ಭಾವನೆ ಬರುತ್ತದೆ. ವಾಸ್ತವವು ಹಾಗಿಲ್ಲ. ಧ್ರುವಪ್ರದೇಶದವರು ಮಾಂಸ, ಮೀನು, ಕೊಬ್ಬುಗಳಿಂದ ಬದುಕಿದರು. ಇಂದಿಗೂ ಬೇಟೆಯಾಡಿ ಬಾಳುವ ಟಾಂಜಾನಿಯಾದ ಹಾಡ್ಜಾ ಜನರು ಗೆಡ್ಡೆಗೆಣಸನ್ನೂ ಕಾಡುಹಣ್ಣನ್ನೂ ಯಥೇಚ್ಛವಾಗಿ ಜೇನನ್ನೂ ತಿನ್ನುತ್ತಾರೆ. ಧಾನ್ಯವು ಹೊಸದೆಂಬ ಮಾತೂ ನಿಲ್ಲುವುದಿಲ್ಲ. ಮೊಜಾಂಬಿಕ್‌ನ ಒಂದು ಗುಹೆಯಲ್ಲಿ ದೊರೆತ ಸುಮಾರು ಒಂದು ಲಕ್ಷ ವರ್ಷದ ಹಿಂದಿನ ಕಲ್ಲಿನ ಉಪಕರಣಗಳ ಮೇಲೆ ಕಾಡುಜೋಳದ ಪಿಷ್ಟದ ಕಣಗಳು ಸಿಕ್ಕಿವೆ. ಗಲಿಲೀ ಸರೋವರದ ತೀರದಲ್ಲಿ 23,000 ವರ್ಷಗಳ ಹಿಂದೆ ಕಾಡುಬಾರ್ಲಿಯನ್ನು ಅರೆದ ಕಲ್ಲು ದೊರೆತಿದೆ. ಜೋರ್ಡಾನಿನಲ್ಲಿ 14,400 ವರ್ಷಗಳ ಹಿಂದಿನ ಒಲೆಯಲ್ಲಿ ರೊಟ್ಟಿಯ ಕರಿದ ಚೂರುಗಳನ್ನು 2018ರಲ್ಲಿ ಗುರುತಿಸಲಾಯಿತು; ಆ ರೊಟ್ಟಿ ಬೇಯುವಾಗ ಅಲ್ಲಿ ಉತ್ತ ಹೊಲವೇ ಇರಲಿಲ್ಲ.

ಶಿಲಾಯುಗವನ್ನು ನೋಡಲು ನಾವು ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿಯ ಸುತ್ತಮುತ್ತ, ಇಸಾಂಪುರದಲ್ಲಿ, ಪ್ರಾಧ್ಯಾಪಕ ಕೆ. ಪದ್ದಯ್ಯನವರು ಅಗೆದು ತೋರಿಸಿದ ಕಲ್ಲಿನ ಆಯುಧಗಳ ಕಮ್ಮಟವು ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಎಣಿಸಲ್ಪಟ್ಟಿದೆ. ಅಲ್ಲಿ ಕಲ್ಲು ಒಡೆದವರು ನಮ್ಮ ಜಾತಿಯ ಮನುಷ್ಯರೇ ಅಲ್ಲ. ಅವರ ಊಟದ ಪಟ್ಟಿಯನ್ನು ಇಂದಿನ ಗುಮಾಸ್ತೆಗೆ ವಿಧಿಸುವುದು ಯಾವ ನ್ಯಾಯ? ಇನ್ನು ಈಚೆಗೆ ಬಂದರೆ, ನಾಲ್ಕೈದು ಸಾವಿರ ವರ್ಷಗಳ ಹಿಂದೆ ಬಳ್ಳಾರಿಯ ಸಂಗನಕಲ್ಲು ಮೊದಲಾದ ಕಡೆಗಳಲ್ಲಿ ನೆಲೆಸಿದವರು ದನ ಸಾಕಿದರು. ಕೊರಲೆ, ಹುರುಳಿ, ಹೆಸರುಗಳನ್ನು ಬೆಳೆದುಂಡರು. ನೆಲದಲ್ಲಿ ಸಿಕ್ಕಿದ ಸುಟ್ಟ ಕಾಳುಗಳೇ ಇದಕ್ಕೆ ಸಾಕ್ಷಿ. ಈ ಸೀಮೆಯಲ್ಲಿ ಬೆಳೆ ತೆಗೆದವರಲ್ಲಿ ನಮಗೆ ಗೊತ್ತಿರುವ ಅತ್ಯಂತ ಹಳಬರು ಇವರು. ಇವರ ಎಲೆಯ ಮೇಲಿದ್ದುದರಲ್ಲಿ ಬಹುಭಾಗವನ್ನು ಪೇಲಿಯೋ ಶಾಸ್ತ್ರವು ನಿಷೇಧಿಸುತ್ತದೆ!

ದೇಹವು ಬದಲಾಗಿಲ್ಲವೆಂಬ ಮಾತೂ ಅಷ್ಟೇ ದುರ್ಬಲವಾದುದು. ದೊಡ್ಡವರಾದ ಮೇಲೂ ಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿಯು ಪಶುಪಾಲನೆಯ ನಂತರ ಹರಡಿದ ಗುಣ. ಯೂರೋಪಿನವರಲ್ಲಿ ಇದಕ್ಕೆ ಕಾರಣವಾದ ಆನುವಂಶಿಕ ವ್ಯತ್ಯಾಸವೇ ನಮ್ಮ ದೇಶದವರಲ್ಲಿಯೂ ಇರುವುದೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಉತ್ತರದಲ್ಲಿ ಅದು ಹೆಚ್ಚು, ದಕ್ಷಿಣದಲ್ಲಿ ಕಡಿಮೆ. ಹಾಲು ಒಗ್ಗದವನು ಮಜ್ಜಿಗೆ ಕುಡಿದು ಸುಖವಾಗಿರುವುದನ್ನು ನಮ್ಮ ಮನೆಗಳಲ್ಲಿ ಯಾವ ಸಂಶೋಧನೆಯೂ ಇಲ್ಲದೆಯೇ ಕಂಡುಕೊಂಡಿದ್ದರು. ಪಿಷ್ಟವನ್ನು ಕರಗಿಸುವ ಜೊಲ್ಲಿನ ಅಂಶಕ್ಕೆ ಕಾರಣವಾದ ಜೀನುಗಳ ಪ್ರತಿಗಳೂ ಧಾನ್ಯ, ಗೆಡ್ಡೆಗಳನ್ನು ಹೆಚ್ಚಾಗಿ ತಿಂದು ಬಂದ ಜನಾಂಗಗಳಲ್ಲಿ ಹೆಚ್ಚಾಗಿರುತ್ತವೆ.

ಇಲ್ಲಿ ನಮ್ಮವರೇ ಆದ ಇನ್ನೊಂದು ಪಂಗಡದವರಿಗೂ ಒಂದು ಮಾತು ಹೇಳಬೇಕು. ಅಮೆರಿಕದ ಶಿಲಾಯುಗ ಬೇಡ, ನಮ್ಮ ಅಜ್ಜನ ಊಟವೇ ಸಾಕೆಂದು ಇವರ ವಾದ. ಅಭಿಮಾನ ಒಳ್ಳೆಯದೇ. ಆದರೆ ಅಜ್ಜನ ಸಾರಿನ ಮೆಣಸಿನಕಾಯಿ, ಟೊಮೇಟೊ, ಪಲ್ಯದ ಆಲೂಗಡ್ಡೆ ಇವು ಪೋರ್ಚುಗೀಸರು ಮೊದಲಾದ ಸಮುದ್ರಯಾನಿಗಳ ಮೂಲಕ 16ನೆಯ ಶತಮಾನದಿಂದೀಚೆಗೆ ಅಮೆರಿಕಾ ಖಂಡದಿಂದ ಬಂದವು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಅದಕ್ಕಿಂತ ಮುಖ್ಯವಾದುದು, ಅಜ್ಜನು ಉಂಡ ಮುದ್ದೆಯ ಲೆಕ್ಕವನ್ನು ಹೇಳುವವರು ಅವನು ನಡೆದ ಹರದಾರಿಗಳ ಲೆಕ್ಕವನ್ನು ಮರೆಯುತ್ತಾರೆ. ನೇಗಿಲ ಹಿಂದೆ ನಡೆದವನ ಊಟವನ್ನು ಮೇಜಿನ ಹಿಂದೆ ಕುಳಿತವನು ಉಂಡರೆ ಅದು ಸಂಪ್ರದಾಯವಾಗುವುದಿಲ್ಲ, ಬೊಜ್ಜಾಗುತ್ತದೆ.

ಹಾಗಾದರೆ ಈ ಪಥ್ಯದಲ್ಲಿ ಹುರುಳೇ ಇಲ್ಲವೆ? ಇದೆ; ಅದನ್ನು ಮರೆಮಾಚುವುದು ಅನ್ಯಾಯ. ಸಕ್ಕರೆ, ಮೈದಾ, ಕರಿದ ಪೊಟ್ಟಣದ ತಿಂಡಿ, ಬಣ್ಣದ ಪಾನೀಯಗಳನ್ನು ಬಿಟ್ಟು, ತರಕಾರಿಯನ್ನು ಹೆಚ್ಚಿಸಿದವನಿಗೆ ಗುಣ ಕಂಡೇ ಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪರಿಶೋಧನೆಯ ಪ್ರಕಾರ ದೇಶದಲ್ಲಿ ಸಿಹಿಮೂತ್ರ ರೋಗಿಗಳು 10 ಕೋಟಿಗೂ ಮೇಲೆ. ನಮ್ಮವರು ತಿನ್ನುವ ಆಹಾರದ ಶಕ್ತಿಯಲ್ಲಿ ಸುಮಾರು ನೂರಕ್ಕೆ 62 ಭಾಗ ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ. ಅದರಲ್ಲಿ ಪಾಲಿಷ್ ಅಕ್ಕಿ, ನಯವಾದ ಹಿಟ್ಟು, ಸಕ್ಕರೆಗಳದೇ ದೊಡ್ಡ ಪಾಲು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಸೂಚನೆಗಳಲ್ಲಿ ಧಾನ್ಯಗಳಿಂದ ಬರುವ ಶಕ್ತಿ ನೂರಕ್ಕೆ 45ನ್ನು ಮೀರಬಾರದೆಂದು ಹೇಳಿದೆ. ಎಂದರೆ ತಟ್ಟೆಯ ಅನ್ನದ ಗುಡ್ಡವನ್ನು ಇಳಿಸಬೇಕೆಂಬುದರಲ್ಲಿ ಪೇಲಿಯೋದವರಿಗೂ ನಮ್ಮ ಸಂಸ್ಥೆಗೂ ಭಿನ್ನಾಭಿಪ್ರಾಯವಿಲ್ಲ. ಇಳಿಸುವುದು ಬೇರೆ, ಬಹಿಷ್ಕರಿಸುವುದು ಬೇರೆ. ಬೊಲಿವಿಯಾದ ಕಾಡಿನ ತ್ಸಿಮಾನೆ ಜನರ ರಕ್ತನಾಳಗಳನ್ನು ಪರೀಕ್ಷಿಸಿದ ವೈದ್ಯರು, 705 ಮಂದಿಯಲ್ಲಿ ನೂರಕ್ಕೆ 85ರಷ್ಟು ಜನರಿಗೆ ಹೃದಯದ ನಾಳಗಳಲ್ಲಿ ಸುಣ್ಣದ ಸಂಗ್ರಹವೇ ಇಲ್ಲದುದನ್ನು 2017ರಲ್ಲಿ ವರದಿಮಾಡಿದರು. ಆ ಜನರ ಆಹಾರದಲ್ಲಿ ನೂರಕ್ಕೆ 72 ಭಾಗ ಪಿಷ್ಟಾದಿಗಳೇ: ಅಕ್ಕಿ, ಬಾಳೆ, ಮರಗೆಣಸು, ಮೆಕ್ಕೆಜೋಳ. ಅವರ ಗಂಡಸರು ದಿನಕ್ಕೆ ಆರೇಳು ಗಂಟೆ ಮೈ ಬಳಸಿ ದುಡಿಯುತ್ತಾರೆ.

ತೂಕ ಇಳಿಯುವುದೇ ಎಂದು ಕೇಳುವವರು ಬಹಳ. ಸ್ವೀಡನ್ನಿನಲ್ಲಿ ಸ್ಥೂಲದೇಹಿಗಳಾದ, ಋತುಸ್ರಾವ ನಿಂತ 70 ಮಂದಿ ಸ್ತ್ರೀಯರನ್ನು ಎರಡು ವರ್ಷ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಆರು ತಿಂಗಳ ಕೊನೆಗೆ ಶಿಲಾಯುಗದ ಪಥ್ಯದವರು ಸಾಧಾರಣ ಪಥ್ಯದವರಿಗಿಂತ ಹೆಚ್ಚು ಇಳಿದಿದ್ದರು, ಎರಡು ವರ್ಷದ ಕೊನೆಗೆ ಆ ಅಂತರ ಉಳಿಯಲಿಲ್ಲ.

ಸಸ್ಯಾಹಾರಿಗಳ ಪ್ರಶ್ನೆ ಇದಕ್ಕಿಂತ ತೊಡಕಿನದು. ಮಾಂಸ ತಿನ್ನದವನಿಗೆ ಮೈ ಕಟ್ಟುವ ಸತ್ತ್ವ, ಅಂದರೆ ಪ್ರೋಟೀನು, ಬೇಳೆಕಾಳಿನಿಂದಲೂ ಹಾಲಿನಿಂದಲೂ ಬರುತ್ತದೆ. ಈ ಮತವು ಎರಡನ್ನೂ ಒಟ್ಟಿಗೆ ಕಿತ್ತುಕೊಳ್ಳುತ್ತದೆ. ನಮ್ಮ ದೇಶದ ಪ್ರಮಾಣದಂತೆ ಪ್ರತಿ ಕಿಲೋ ದೇಹಭಾರಕ್ಕೆ ದಿನಕ್ಕೆ 0.83 ಗ್ರಾಂ, ಎಂದರೆ 60 ಕಿಲೋ ತೂಕದವನಿಗೆ 50 ಗ್ರಾಂ ಬೇಕು. ತೀವ್ರವಾಗಿ ಸಾಧನೆ ಮಾಡುವವನಿಗೆ ಇನ್ನೂ ಹೆಚ್ಚು. ಬೇಳೆಯನ್ನು ಬಿಟ್ಟ ಮೇಲೆ ಅವನು ಬಾದಾಮಿ, ಗೋಡಂಬಿಗಳನ್ನೇ ನಂಬಬೇಕು. ಅವು ಎಷ್ಟು ಮನೆಗಳ ಜೇಬಿಗೆ ಎಟುಕುವ ಪದಾರ್ಥಗಳು? ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತೊಂದು ಗ್ರಾಂಗೂ ಮೇಲೆ ಪ್ರೋಟೀನಿದೆ. ಅಷ್ಟೇ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದ ಅಂಶವಿದೆ. ಇಂತಹವನ್ನು ಬಡವನ ಗಂಗಳದಿಂದ ಎತ್ತಿಹಾಕಿ, ಅದರ ಜಾಗದಲ್ಲಿ ಏನನ್ನೂ ಇಡಲಾರದ ಉಪದೇಶವನ್ನು ನಾವು ನಿರಪಾಯಕಾರಿಯೆಂದು ಕರೆಯಲಾರೆವು. ಕಾಳಿನಲ್ಲಿ ವಿಷಾಂಶಗಳಿವೆಯಲ್ಲಾ ಎಂದರೆ, ಹಸಿಯಾಗಿ ತಿಂದರೆ ಇವೆ. ನೆನೆಸಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ಅವುಗಳಲ್ಲಿ ಹೆಚ್ಚಿನವು ನಾಶವಾಗುತ್ತವೆ ಅಥವಾ ಕುಗ್ಗುತ್ತವೆ. ಹಸಿಯ ಹುರುಳಿಯನ್ನು ಮುಕ್ಕುವವರನ್ನು ನಾವು ಕಂಡಿಲ್ಲ.

ಇನ್ನು ವ್ಯಾಯಾಮದ ವಿಷಯ. ನಾಲ್ಕು ನಿಮಿಷದ ಸಾಧನೆಯು ಒಂದು ಗಂಟೆಯದಕ್ಕೆ ಸಮನೆಂಬ ಜಾಹೀರಾತನ್ನು ವಾಚಕರು ಕಂಡಿರಬಹುದು. ಇದರ ಮೂಲವು ಜಪಾನಿನ ಇಜುಮಿ ತಬಾಟಾ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ಪ್ರಯೋಗ. ಇಪ್ಪತ್ತು ಸೆಕೆಂಡು ಸರ್ವಶಕ್ತಿಯಿಂದ ಸೈಕಲ್ ತುಳಿಯುವುದು, ಹತ್ತು ಸೆಕೆಂಡು ವಿರಾಮ, ಹೀಗೆ ಏಳೆಂಟು ಸುತ್ತು. ಆರು ವಾರಗಳಲ್ಲಿ ಇವರ ದಮ್ಮು, ನಿತ್ಯ ಒಂದು ಗಂಟೆ ಸಮವೇಗದಲ್ಲಿ ತುಳಿದವರದಕ್ಕೆ ಕಡಿಮೆಯಿಲ್ಲದಂತೆ ಬೆಳೆಯಿತು. ಮೇಲಾಗಿ ಉಸಿರು ಸಾಲದ ಕ್ಷಣದಲ್ಲಿ ದುಡಿಯುವ ಸಾಮರ್ಥ್ಯವು ಇವರಲ್ಲಿ ಮಾತ್ರ ನೂರಕ್ಕೆ 28ರಷ್ಟು ಹೆಚ್ಚಿತು. ಪ್ರಯೋಗ ಸತ್ಯ, ಫಲವೂ ಸತ್ಯ. ಆದರೆ ತುಳಿದವರು ಮೊದಲೇ ಪಳಗಿದ ತರುಣರು. ಅವರ ವೇಗವನ್ನು ಪ್ರಯೋಗಶಾಲೆಯಲ್ಲಿ ಅಳೆದು ಗೊತ್ತುಮಾಡಲಾಗಿತ್ತು. ಆ ಫಲವನ್ನು ಐವತ್ತು ಸಮೀಪಿಸಿದ ಶಿರಸ್ತೇದಾರರಿಗೆ ಹಾಗೆಯೇ ಅನ್ವಯಿಸುವುದು ವಿಜ್ಞಾನವಲ್ಲ, ವ್ಯಾಪಾರ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವುದು ಹೆಚ್ಚು ಉದಾರವಾದುದು: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಇಲ್ಲವೆ 75ರಿಂದ 150 ನಿಮಿಷ ತೀವ್ರಶ್ರಮ, ಅದರೊಡನೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಧನೆ. ಬಿರುಸಾಗಿ ನಡೆಯುವವನೂ ಈ ಲೆಕ್ಕದಲ್ಲಿ ಸೇರುತ್ತಾನೆ. ವ್ಯಾಯಾಮವೊಂದರಿಂದಲೇ ಹೊಟ್ಟೆ ಕರಗುವುದೆಂಬ ನಿರೀಕ್ಷೆ ಮಾತ್ರ ಬೇಡ. ದಿನವೆಲ್ಲ ಅಲೆದಾಡುವ ಹಾಡ್ಜಾ ಜನರೂ, ದೇಹದ ಗಾತ್ರವನ್ನು ಗಣಿಸಿದರೆ, ನಗರವಾಸಿಗಳಷ್ಟೇ ಶಕ್ತಿಯನ್ನು ವ್ಯಯಮಾಡುತ್ತಾರೆಂದು 2012ರಲ್ಲಿ ಪ್ರಕಟವಾದ ಅಳತೆಯೊಂದು ತೋರಿಸಿ ಪಂಡಿತರನ್ನೇ ಬೆರಗುಗೊಳಿಸಿತು.

ಎರಡು ಮತಗಳ ಒಳಜಗಳವೊಂದನ್ನು ಅವುಗಳ ಅನುಯಾಯಿಗಳು ಗಮನಿಸಿದಂತಿಲ್ಲ. ತೀವ್ರಶ್ರಮಕ್ಕೆ ಉರುವಲೆಂದರೆ ಸ್ನಾಯುಗಳಲ್ಲಿ ಕೂಡಿಟ್ಟ ಪಿಷ್ಟಜನ್ಯ ಗ್ಲೈಕೋಜನ್. ಪಿಷ್ಟವನ್ನು ತೀರ ಕಡಿಮೆಮಾಡಿ ಉಗ್ರಸಾಧನೆಗೆ ಇಳಿದವನು ಬರಿದಾದ ಒಲೆಯ ಮೇಲೆ ಅಡಿಗೆಗಿಟ್ಟವನಂತೆ ಆಯಾಸಪಡುತ್ತಾನೆ. ಸ್ವತಃ ಕಾರ್ಡೇನ್‌ರವರೇ ಜೋ ಫ್ರೀಲ್ ಎಂಬ ಶಿಕ್ಷಕರೊಡನೆ ಕ್ರೀಡಾಪಟುಗಳಿಗಾಗಿ 2005ರಲ್ಲಿ ಬರೆದ ಪುಸ್ತಕದಲ್ಲಿ, ಸಾಧನೆಯ ಹೊತ್ತಿನಲ್ಲಿಯೂ ಆಮೇಲೆಯೂ ನಿಷಿದ್ಧ ಪಿಷ್ಟಕ್ಕೆ ಬಾಗಿಲು ತೆರೆದಿದ್ದಾರೆ. ಗುರುಗಳೇ ಸಡಿಲಿಸಿದ ವ್ರತವನ್ನು ಶಿಷ್ಯರು ಇಲ್ಲಿ ಕಟ್ಟುನಿಟ್ಟಾಗಿ ಹಿಡಿದಿದ್ದಾರೆ.

ಅಪಾಯವೆಷ್ಟು ಎಂಬ ಪ್ರಶ್ನೆಗೆ ನಮ್ಮಲ್ಲಿ ವಿಶೇಷ ಕಾವಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಾಡೇ ತತ್ತರಿಸಿತು. ಹೃದಯಪರೀಕ್ಷೆಗೆ ಜನರು ಆಸ್ಪತ್ರೆಗಳಿಗೆ ಮುಗಿಬಿದ್ದರು. ವ್ಯಾಯಾಮಶಾಲೆಯ ಹೆಸರೆತ್ತಿದರೆ ತಾಯಂದಿರು ಬೆದರುವಂತಾಯಿತು. ಒಬ್ಬರ ಮರಣದಿಂದ ನಿಯಮವನ್ನು ತೆಗೆಯಲಾಗದು; ಅಂಕೆಗಳನ್ನು ನೋಡಬೇಕು. ಅಮೆರಿಕದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪುರುಷ ವೈದ್ಯರನ್ನು ಹನ್ನೆರಡು ವರ್ಷ ಅನುಸರಿಸಿ 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, ತೀವ್ರಶ್ರಮದ ವೇಳೆಯಲ್ಲಿ ಮತ್ತು ಅನಂತರದ ಅರ್ಧಗಂಟೆಯಲ್ಲಿ ಹಠಾತ್ ಮರಣದ ಸಂಭವವು ಇತರ ವೇಳೆಗಿಂತ ಸುಮಾರು 17 ಪಾಲು ಹೆಚ್ಚೆಂದು ಕಂಡುಬಂದಿತು. ಹೆದರಬೇಕಾದ ಮಾತೇ. ಆದರೆ ಮುಂದೆ ಓದಿದರೆ, ಹದಿನೈದು ಲಕ್ಷ ಸಲ ಶ್ರಮಿಸಿದರೆ ಒಂದು ಮರಣ. ನಿತ್ಯಾಭ್ಯಾಸ ಉಳ್ಳವರಲ್ಲಿ ಈ ಅಪಾಯವೂ ಇಳಿಮುಖ. ಕೊಲ್ಲುವ ಸಂಭವ ಹೆಚ್ಚಿರುವುದು ಅಭ್ಯಾಸವಿಲ್ಲದವನ ಆವೇಶದಲ್ಲಿ. ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವು ಇತರ ದೇಶದವರಿಗಿಂತ ಐದಾರು ವರ್ಷ ಮುಂಚಿತವಾಗಿ, ಮಧ್ಯಮ ಲೆಕ್ಕದಲ್ಲಿ 53ನೆಯ ವಯಸ್ಸಿಗೆ, ಬರುವುದೆಂದು ತಿಳಿದುಬಂದಿರುವುದರಿಂದ, ಸಿಹಿಮೂತ್ರ, ರಕ್ತದ ಒತ್ತಡ, ಧೂಮಪಾನ ಇವುಗಳಲ್ಲಿ ಒಂದಾದರೂ ಇರುವ ಮಧ್ಯವಯಸ್ಕನು ವೈದ್ಯರಿಗೆ ತೋರಿಸಿಕೊಳ್ಳದೆ ಇಂತಹ ಸಾಧನೆಗೆ ಕಾಲಿಡಲಾಗದು.

ಇನ್ನೊಂದು ಅಪಾಯ ಹೃದಯದ್ದಲ್ಲ, ಮೂತ್ರಪಿಂಡದ್ದು. ಪಳಗದ ಸ್ನಾಯುವನ್ನು ಮಿತಿಮೀರಿ ದುಡಿಸಿದರೆ ಅದರ ಎಳೆಗಳು ಒಡೆದು, ಒಳಗಿನ ದ್ರವ್ಯವು ರಕ್ತಕ್ಕೆ ಸೇರಿ, ಮೂತ್ರಪಿಂಡಗಳನ್ನು ಕೆಡಿಸುತ್ತದೆ; ರ‍್ಯಾಬ್ಡೋಮಯೊಲಿಸಿಸ್ ಎಂದು ಇದರ ಹೆಸರು. ಸಾಧನೆಯ ಮರುದಿನ ಮೈಕೈ ವಿಪರೀತ ಊದಿ, ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಕ್ರಾಸ್‌ಫಿಟ್ ಬಳಗದಲ್ಲಿ ಇದು ಎಷ್ಟು ಪರಿಚಿತವೆಂದರೆ, ಮೂತ್ರಪಿಂಡದ ಯಂತ್ರಕ್ಕೆ ಕಟ್ಟಿಹಾಕಿದ ವಿದೂಷಕನೊಬ್ಬನ ಚಿತ್ರವನ್ನು ಬರೆದು ಅವನಿಗೆ ರ‍್ಯಾಬ್ಡೋ ಮಾವನೆಂದು ಹೆಸರಿಟ್ಟಿದ್ದರು. 2005ರಲ್ಲಿ ನ್ಯೂಯಾರ್ಕಿನ ಪ್ರಮುಖ ಪತ್ರಿಕೆಯೊಂದು ಈ ವ್ಯಾಯಾಮದ ಅಪಾಯವನ್ನು ಬಯಲಿಗೆಳೆದಿತು. ರೋಗವನ್ನು ಬಿರುದಿನಂತೆ ಧರಿಸುವ ಈ ವಿನೋದ ನಮಗೆ ರುಚಿಸುವುದಿಲ್ಲ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ, ಗಾಳಿಯಾಡದ ಕೊಠಡಿಯಲ್ಲಿ, ನೀರು ಕುಡಿಯದೆ ಇದನ್ನು ಮಾಡುವವನಿಗೆ ಅಪಾಯವು ಇಮ್ಮಡಿಸುತ್ತದೆ.

ನಮ್ಮ ಗರಡಿಗಳಲ್ಲಿ ಉಗ್ರಸಾಧನೆ ಇರಲಿಲ್ಲವೆಂದಲ್ಲ. ಸಾವಿರ ದಂಡ, ಸಾವಿರ ಬಸ್ಕಿ ಹೊಡೆದವರ ಕಥೆಗಳನ್ನು ಮೈಸೂರಿನಲ್ಲಿ ಯಾರೂ ಹೇಳಿಯಾರು. ಆದರೆ ಮಣ್ಣಿಗಿಳಿದ ಹುಡುಗನು ಸಾವಿರಕ್ಕೆ ಏರುವುದು ವರ್ಷಗಳ ಮೇಲೆ. ಉಸ್ತಾದನ ಕಣ್ಣು ಅವನ ಮೇಲೆ ನಿತ್ಯವೂ ಇರುತ್ತಿತ್ತು. ಅವನ ಪಥ್ಯದಲ್ಲಿ ಹಾಲು ತುಪ್ಪಗಳಿಗೇ ಅಗ್ರಸ್ಥಾನವೆಂಬುದನ್ನು ಪೇಲಿಯೋದವರು ನೆನೆಯಬೇಕು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ, ಶಾಂತಲಾ ಕಾದಂಬರಿಯ ಕರ್ತೃಗಳೂ ಆದ ಕೆ. ವಿ. ಅಯ್ಯರ್ ಅವರು ಪಶ್ಚಿಮದ ಭಾರದ ಸಾಧನೆಯನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಛಾವಣಿಯಡಿ ಕಲಿಸಿದರು. ಹೊರಗಿನದನ್ನು ಪರೀಕ್ಷಿಸಿ ತೆಗೆದುಕೊಳ್ಳುವ ಬಗೆ ಅದು. ಗರಡಿಯನ್ನು ಅತಿಯಾಗಿ ಹೊಗಳುವುದೂ ನಮ್ಮ ಉದ್ದೇಶವಲ್ಲ. ಅದು ಬಹುಮಟ್ಟಿಗೆ ತರುಣ ಪುರುಷರ ಸೊತ್ತಾಗಿತ್ತು. ಸ್ತ್ರೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕ್ರಾಸ್‌ಫಿಟ್‌ನಲ್ಲಿ ಹೆಂಗಸರೂ ಗಂಡಸರೂ ವಯಸ್ಸಾದವರೂ ಒಂದೇ ಅಂಗಳದಲ್ಲಿ ಭಾರವೆತ್ತುತ್ತಾರೆ. ಮೂಳೆ ಸವೆಯುವ ವಯಸ್ಸಿನ ನಮ್ಮ ಗೃಹಿಣಿಯರಿಗೆ ಭಾರದ ಸಾಧನೆ ನಡಿಗೆಗಿಂತ ಹೆಚ್ಚು ಅವಶ್ಯ. ಈ ಗುಣವನ್ನು ಒಪ್ಪತಕ್ಕದ್ದು.

ಉಳಿದ ಪ್ರಶ್ನೆ ಕಲಿಸುವವನದು. ಎಲ್ಲಕ್ಕಿಂತ ಗುರುತರವಾದುದೂ ಇದೇ. ಕ್ರಾಸ್‌ಫಿಟ್ ಸಂಸ್ಥೆಯ ಮೊದಲ ಹಂತದ ಪ್ರಮಾಣಪತ್ರವು ಎರಡು ದಿನದ ಪಾಠ, ಒಂದು ಪರೀಕ್ಷೆಯಿಂದ ದೊರೆಯುತ್ತದೆ. ಆ ಎರಡು ದಿನವೂ ಇಲ್ಲದೆ, ತಮ್ಮ ತೋಳುಗಳನ್ನೇ ಪ್ರಮಾಣಪತ್ರವೆಂದು ತೋರಿಸಿ ಬೋಧಿಸುವವರು ನಮ್ಮ ಊರುಗಳಲ್ಲಿ ಉಂಟು. ಊಟದ ಪಥ್ಯವನ್ನೂ ಪುಡಿಯ ಡಬ್ಬಿಯನ್ನೂ ವಿಧಿಸುವವರು ಇವರೇ. ಬಡಾವಣೆಗೊಂದರಂತೆ ತಲೆಯೆತ್ತುತ್ತಿರುವ ಈ ಶಾಲೆಗಳಲ್ಲಿ ಕಲಿಸುವವರ ಅರ್ಹತೆಯನ್ನು ಗೋಡೆಯ ಮೇಲೆ ಬರೆಯಿಸಿ ತೂಗುಹಾಕಿಸುವುದು ನಗರಸಭೆಗಳಿಗೆ ದೊಡ್ಡ ಖರ್ಚಿನ ಕಾರ್ಯವಲ್ಲ. ಅಲ್ಲಿಯವರೆಗೆ ಸೇರಲು ಹೋದ ಗೃಹಸ್ಥನೇ ಕೇಳಬೇಕು: ನೀವು ಯಾರಲ್ಲಿ ಕಲಿತಿರಿ, ಎಷ್ಟು ಕಾಲ? ನನ್ನ ವಯಸ್ಸನ್ನೂ ಕಾಯಿಲೆಯನ್ನೂ ಯಾವ ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಿ? ಮೊದಲ ತಿಂಗಳು ನನಗೆ ಎಷ್ಟು ಭಾರ? ಇಲ್ಲಿ ಒಬ್ಬನು ಕುಸಿದುಬಿದ್ದರೆ ಎದೆಯೊತ್ತಿ ಉಸಿರು ಕೊಡಲು ಬಲ್ಲವರು ಯಾರು? ಇವುಗಳಿಗೆ ನಗೆಯೇ ಉತ್ತರವಾಗಿ ಬಂದರೆ ಶುಲ್ಕವನ್ನು ಜೇಬಿನಲ್ಲಿಯೇ ಉಳಿಸಿಕೊಂಡು, ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆದು ಮನೆಗೆ ಬರುವುದು ಲೇಸು.